ತಿರುಳ್ಗನ್ನಡದ ತಿರುಕ : ಒಬ್ಬ ಕ್ರೈಸ್ತರ ದರ್ಶನವೂ ಬಾಳುವೆಯೂ

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಲಾರಂಭಿಸಿದ ದಿನ ನಮ್ಮ ಗುರುಗಳು ಹೇಳಿದ ಮಾತೊಂದು ಇಂದಿಗೂ ನನ್ನ ನೆನಪಿನಲ್ಲಿರುವದು. ‘ದರ್ಶನವೆಂಬುದು ಓಲೆಯ ಕಟ್ಟಿನಲ್ಲಿರುವದಲ್ಲವೋ ತಮ್ಮಾ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಾಗ, ಮನೆಯೊಳಗೆ ಹೆಣ ಬಿದ್ದಿರುವಾಗ, ಹಗೆಯು ಕಾಲುಜಾರಿ ಕೆಳಗೆ ಬಿದ್ದಾಗ ನೀನು ಏನು ಮಾಡುತ್ತೀಯೋ ಅದು ನಿನ್ನ ದರ್ಶನ’ ಎಂದು ಅವರು ಹೇಳಿದ್ದರು. ಆಸ್ತಿಕ ದರ್ಶನಗಳು ಆರು, ಚಾರ್ವಾಕ ಬೌದ್ಧ ಜೈನಗಳೆಂಬ ನಾಸ್ತಿಕ ದರ್ಶನಗಳು ಮೂರು ಎಂದು ನಾವು ಬೆರಳು ಮಡಿಸಿ ಎಣಿಸುತ್ತಿದ್ದೆವು. ಎಣಿಕೆ ಅಲ್ಲಿಗೇ ಮುಗಿಯುತ್ತಿತ್ತು. ಕೊಪ್ಪಳದಲ್ಲಿ ಗದಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದಾದ ಬೆಟಗೇರಿಯಲ್ಲಿ ಬೇರೊಂದು ದರ್ಶನವನ್ನು ನಂಬಿ ಎಷ್ಟೋ ಕನ್ನಡದ ಮನೆಗಳು ಹಲವು ತಲೆಮಾರುಗಳಿಂದ ಬಾಳುತ್ತಿರುವವೆಂಬುದು ನಮ್ಮ ಬೆರಳುಗಳಿಗೆ ಸಿಕ್ಕಿರಲಿಲ್ಲ. ಆ ಊರಿನ ಆಸ್ಪತ್ರೆಯನ್ನು ಮಾತ್ರ ಬಲ್ಲೆವು. ನನ್ನ ಅಜ್ಜಿಯ ಕಣ್ಣಿಗೆ ಪೊರೆ ಬಂದಾಗ ಅವಳನ್ನು ಕರೆದುಕೊಂಡು ಹೋದದ್ದು ಅಲ್ಲಿಗೇ. ಜನರ ಬಾಯಲ್ಲಿ ಅದು ‘ಜರ್ಮನ್ ಆಸ್ಪತ್ರೆ’. ಮಡಿಯ ಅಜ್ಜಿಯು ಅಲ್ಲಿಯ ದಾದಿಯ ಕೈಯಿಂದ ನೀರು ಕುಡಿದು, ಊರಿಗೆ ಬಂದ ಮೇಲೆ ಆ ಸಂಗತಿಯನ್ನು ಯಾರಿಗೂ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಅವಳು ತೀರಿಹೋಗಿ ಬಹಳ ಕಾಲವಾದುದರಿಂದ ಆ ಭಾಷೆಯನ್ನು ಈಗ ಮುರಿದಿರುವೆನು.

ಇದಕ್ಕಿಂತ ದೊಡ್ಡ ತಪ್ಪೊಂದನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಶಾಲಾ ಮಾಸ್ತರನಾಗಿ 34 ವರ್ಷ ಕಳೆದೆನು. ಪ್ರತಿವರ್ಷವೂ ಸರ್ವಜ್ಞನ ತ್ರಿಪದಿಗಳನ್ನು ಪಾಠ ಹೇಳಿದೆನು. ಅವನ ತಂದೆ ಮಾಸೂರಿನ ಬಸವರಸ, ತಾಯಿ ಅಂಬಲೂರಿನ ಕುಂಬಾರ ಮಾಳಿ ಎಂಬ ಐತಿಹ್ಯವನ್ನು ಹೇಳಿದೆನು. ತ್ರಿಪದಿಯ ಗಣಗಳನ್ನು ಬಿಡಿಸಿ ಹಲಗೆಯ ಮೇಲೆ ಬರೆದೆನು. ಆದರೆ ಹಳ್ಳಿಹಳ್ಳಿಯ ಬಾಯಲ್ಲಿ ಚದುರಿಹೋಗಿದ್ದ ಆ ಪದ್ಯಗಳನ್ನು ಆಯ್ದು ಒಂದೆಡೆ ಕೂಡಿಸಿದವರು ಯಾರು ಎಂಬುದನ್ನು ಒಮ್ಮೆಯೂ ಹೇಳಲಿಲ್ಲ. ಕೊನೆಗೆ ಅದನ್ನು ಹೇಳಿದವನು ಮುದಗಲ್ಲಿನಿಂದ ಬಂದು ನಮ್ಮ ಶಾಲೆಯಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗ. ‘ಸರ್, ಸರ್ವಜ್ಞನ ವಚನಗಳನ್ನು ಕೂಡಿಸಿದವರು ನಮ್ಮವರಂತೆ, ಪಾದ್ರಿಯಂತೆ, ಹೌದೇ?’ ಎಂದು ಅವನು ಎದ್ದುನಿಂತು ಕೇಳಿದನು. ತರಗತಿಯಲ್ಲಿ ನಗೆ ಎದ್ದಿತು. ಪುಸ್ತಕದ ಹೆಸರು ನನಗೆ ಗೊತ್ತಿತ್ತು, ಸಂಪಾದಕರ ಹೆಸರೂ ಗೊತ್ತಿತ್ತು. ಹೇಳುವ ಅಗತ್ಯ ಇದೆಯೆಂದು ಮಾತ್ರ ತೋರಿರಲಿಲ್ಲ. ಅಂದು ನಗುತ್ತಿದ್ದ ಹುಡುಗರನ್ನು ಗದರಿಸಿದೆನಾದರೂ ನಿಜವಾಗಿ ಗದರಿಸಿಕೊಳ್ಳಬೇಕಾದವನು ನಾನೇ ಆಗಿದ್ದೆನು. ಈ ಲೇಖನವು ಆ ಹುಡುಗನ ಪ್ರಶ್ನೆಗೆ ತಡವಾಗಿ ಕೊಟ್ಟ ಉತ್ತರವೆಂದು ತಿಳಿಯತಕ್ಕದ್ದು.

ಸುಮಾರು 850ರಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡದ ತಿರುಳು ಯಾವ ನೆಲದಲ್ಲಿರುವದೆಂದು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ನಮ್ಮ ಕೊಪಣನಗರವನ್ನೂ ಹೆಸರಿಸಿರುವದನ್ನು ನಮ್ಮ ಜಿಲ್ಲೆಯವರಾರೂ ಮರೆಯುವದಿಲ್ಲ. ಸಭೆಗಳಲ್ಲಿ ಅದನ್ನು ಹೇಳದೆ ಬಿಡುವದೂ ಇಲ್ಲ. ಆ ಕಾಲದಲ್ಲಿ ಕೊಪಣವು ಜೈನರ ಮಹಾತೀರ್ಥ. ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಬೌದ್ಧನಾದ ಅಶೋಕನ ಲಿಪಿ. ಅನಂತರ ಶರಣರು ಬಂದರು, ಆನೆಗುಂದಿಯಲ್ಲಿ ಮಾಧ್ವಯತಿಗಳ ಬೃಂದಾವನಗಳಾದವು, ಸೂಫಿಗಳ ದರ್ಗಾಗಳಾದವು. ಇಷ್ಟು ದರ್ಶನಗಳು ಒಂದರ ಮಗ್ಗುಲಲ್ಲಿ ಒಂದು ಮಲಗಿ ಎದ್ದ ನೆಲವಿದು. ಕ್ರಿಸ್ತಮತವೂ ಇಲ್ಲಿಗೆ ನಿನ್ನೆ ಮೊನ್ನೆ ಬಂದುದಲ್ಲ. ಕುಷ್ಟಗಿಯ ಸೀಮೆಯನ್ನು ದಾಟಿದೊಡನೆ ಸಿಕ್ಕುವ ಮುದಗಲ್ಲಿನಲ್ಲಿ ಆದಿಲಶಾಹಿಯ ಕಾಲದಿಂದಲೂ ಗೋವೆಯ ಜೆಸುಯಿಟ್ ಪಾದ್ರಿಗಳ ಪ್ರಯತ್ನದಿಂದ ನೆಲೆನಿಂತ ಕಥೋಲಿಕ ಕ್ರೈಸ್ತರಿದ್ದಾರೆ. ಅವರ ಮನೆಮಾತು ಕನ್ನಡವೇ. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಮುಂದೆ ಒಬ್ಬ ಕ್ರೈಸ್ತ ಸಭಾಪಾಲಕರಿಗೆ ಸಂದಿತೆಂದರೆ ಕೊಪಣದವರಾದ ನಾವು ಅದನ್ನು ನೆರೆಯವರ ಸುದ್ದಿಯೆಂದು ಕೇಳಿ ಬಿಡುವಂತಿಲ್ಲ.

ಅವರ ಕಥೆಗೆ ಮೊದಲು ಅವರನ್ನು ಬೆಳೆಯಿಸಿದ ಪರಂಪರೆಯನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕು. 1810ರಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಗೆ ಬಂದು ನೆಲೆಸಿದರು. ಗಂಗಾವತಿಯಿಂದ ಬಳ್ಳಾರಿ ಎಷ್ಟು ದೂರ! ಅವರ ಕೈಯಲ್ಲಿ ಬೈಬಲ್ಲು ಕನ್ನಡವಾಯಿತು. 1831ರ ಹೊತ್ತಿಗೆ ಅದರ ಮುದ್ರಣವು ಪೂರ್ಣವಾಯಿತು. ಅದೇ ಮಿಶನ್ನಿನ ವಿಲಿಯಂ ರೀವ್ ಕನ್ನಡ ನಿಘಂಟುಗಳನ್ನು ರಚಿಸಿದರು. 1833ರಲ್ಲಿ ಕಂಪನಿ ಸರಕಾರದ ಸನ್ನದು ಬದಲಾಗಿ, ಆಂಗ್ಲರಲ್ಲದ ಮಿಶನರಿಗಳಿಗೂ ದಾರಿ ತೆರೆದುದರಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಸಂಸ್ಥೆಯು 1834ರಲ್ಲಿ ಮಂಗಳೂರಿಗೆ ಮೂವರನ್ನು ಕಳಿಸಿತು. ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839, ಬೆಟಗೇರಿಯಲ್ಲಿ 1841, ಗುಳೇದಗುಡ್ಡದಲ್ಲಿ 1851; ಹೀಗೆ ಅವರ ಠಾಣೆಗಳು ನಮ್ಮ ಪಶ್ಚಿಮದ ಅಂಚಿನವರೆಗೆ ಬಂದವು. ನಮ್ಮ ಸೀಮೆಯು ಆಗ ನಿಜಾಮರ ಆಡಳಿತಕ್ಕೊಳಪಟ್ಟು ಬೇರೆ ರಾಜ್ಯವಾಗಿದ್ದಿತು.

ಈ ಜರ್ಮನ್ ಪಾದ್ರಿಗಳು ಮೊದಲಿಗೆ ಜನರ ಮನಸ್ಸನ್ನು ಗೆದ್ದರೆಂದು ಹೇಳಲಾರೆನು. ಆರಂಭದ ಅವರ ಕಿರುಹೊತ್ತಗೆಗಳಲ್ಲಿ ನಮ್ಮ ದೇವರುಗಳನ್ನು ಕುರಿತು ಆಡಿದ ಮಾತುಗಳು ಒರಟು. ಇಂದು ಓದಿದರೂ ಮೈ ಉರಿಯುವದು. ಗದಗಿನ ಬಳಿಯ ಮಲ್ಲಸಮುದ್ರದಲ್ಲಿ, ಕಾಲಜ್ಞಾನವನ್ನು ನಂಬಿ ಯಾರೋ ಬರುವರೆಂದು ಕಾದಿದ್ದ ಜನರನ್ನು ಕೂಡಿಸಿ ಒಂದು ಕ್ರೈಸ್ತ ಊರನ್ನೇ ಕಟ್ಟಬೇಕೆಂದು 1840ರ ದಶಕದಲ್ಲಿ ಅವರು ಹವಣಿಸಿದರು. ಕಾದಿದ್ದವರಲ್ಲಿ ಹೆಚ್ಚಿನವರು ಇವರಲ್ಲಿ ತಮ್ಮ ಕಾಲಜ್ಞಾನವನ್ನು ಕಾಣಲಿಲ್ಲ, ಆ ಯತ್ನವು ನಿಷ್ಫಲವಾಯಿತು. ಮತವನ್ನು ಸ್ವೀಕರಿಸಿದವನಿಗೂ ಅಂದಿನಿಂದಲೇ ಬವಣೆ. ಮನೆ ಹೋಯಿತು, ಬಾವಿಯ ನೀರು ಹೋಯಿತು, ಕುಲದ ಕಸಬು ಹೋಯಿತು. ಅಂಥವರ ಹೊಟ್ಟೆಗೆ ದಾರಿ ತೋರಿಸುವದಕ್ಕಾಗಿ ಮಿಶನ್ನು 1851ರಲ್ಲಿ ಮಂಗಳೂರಿನಲ್ಲಿ ನೇಯ್ಗೆಯನ್ನೂ 1865ರಲ್ಲಿ ಹಂಚಿನ ಕಾರಖಾನೆಯನ್ನೂ ಆರಂಭಿಸಿತು. ನಮ್ಮ ಕಡೆಯ ಹಳೆಯ ಕಟ್ಟಡಗಳ ಮೇಲಿರುವ ‘ಮಂಗಳೂರು ಹಂಚು’ ಹೀಗೆ ಮನೆ ಕಳೆದುಕೊಂಡವರ ಕೈಗೆ ಕೆಲಸ ಕೊಡುವದಕ್ಕಾಗಿ ಹುಟ್ಟಿದ್ದು.

ಮಂಗಳೂರಿನ ಆನಂದರಾವ್ ಕೌಂಡಿನ್ಯರ ಕಥೆಯನ್ನು ಓದಿದಾಗ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ನನಗೆ ಒಂದು ಗಳಿಗೆ ಮಾತೇ ಹೊರಡಲಿಲ್ಲ. ಸಾರಸ್ವತ ಬ್ರಾಹ್ಮಣರಾದ ಅವರು 1844ರಲ್ಲಿ ದೀಕ್ಷಾಸ್ನಾನವನ್ನು ಪಡೆದು ಹೆರ್ಮನ್ ಎಂಬ ಹೆಸರನ್ನು ತೆಗೆದುಕೊಂಡರು. ಊರಲ್ಲಿ ಗದ್ದಲವೆದ್ದಿತು. ಹೆಂಡತಿ ಅವರ ಹಿಂದೆ ಬರಲಿಲ್ಲ. 1846ರಲ್ಲಿ ಮೋಗ್ಲಿಂಗರೊಡನೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದರು. ಕೊಡಗಿನಲ್ಲಿ ಭೂಮಿಗೆ ಕಟ್ಟುಬಿದ್ದು ಜೀತ ಮಾಡುತ್ತಿದ್ದ ಅಸ್ಪೃಶ್ಯರಿಗಾಗಿ ನೆಲೆಯೊಂದು ಏರ್ಪಟ್ಟು, ಅದಕ್ಕೆ ಅವರ ಹೆಸರಿನಿಂದಲೇ ಆನಂದಪುರವೆಂದಾಯಿತು. ಅವರ ಪಿತ್ರಾರ್ಜಿತದ ಹಣವೂ ಅದಕ್ಕೆ ಸಂದಿತು. 1893ರಲ್ಲಿ ತೀರಿಕೊಂಡರು. ಹೆಂಡತಿಯನ್ನು ಅಗಲಿದುದು ಸರಿಯೇ ಎಂದು ನನ್ನನ್ನು ಕೇಳಿದರೆ ಈಗಲೂ ಉತ್ತರ ಹೇಳಲಾರೆನು. ಆದರೆ ಆ ಕಾಲದಲ್ಲಿ ಅವರ ಕುಲದ ಬೇರೆ ಯಾವನು ಆ ಜೀತಗಾರರ ಮಗ್ಗುಲಲ್ಲಿ ಕುಳಿತು ಉಂಡನು ಎಂಬ ಪ್ರಶ್ನೆಗೂ ನನ್ನಲ್ಲಿ ಉತ್ತರವಿಲ್ಲ.

ಕಿಟೆಲ್ ಸಾಹೇಬರನ್ನು ಎಲ್ಲರೂ ಬಲ್ಲಿರಾದುದರಿಂದ ಹೆಚ್ಚು ಬರೆಯುವದಿಲ್ಲ. 1853ರಲ್ಲಿ ಬಂದವರು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಅಚ್ಚು ಹಾಕಿಸಿದರು. 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಮುಗಿಸಿಕೊಟ್ಟರು. ಅದಕ್ಕೂ ಮುಂಚೆ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಕನ್ನಡದ ಹಾಡುಗಬ್ಬದ ರೀತಿಯಲ್ಲಿ ‘ಕಥಾಮಾಲೆ’ಯೆಂದು ರಚಿಸಿದರು. ಸುವಾರ್ತೆ ಸಾರಲು ಬಂದವರಿಗೆ ಛಂದಸ್ಸಿನ ಗೊಡವೆ ಯಾಕೆ ಎಂದು ಅವರ ಜೊತೆಯವರಲ್ಲೇ ಗೊಣಗಿದವರಿದ್ದರಂತೆ.

ಇನ್ನು ಆ ದರ್ಶನದ ಒಳಹೊಕ್ಕು ನೋಡೋಣ. ಪಂಡಿತರಿಗೆ ಮೊದಲು ತೊಡಕಾಗುವದು ಒಂದು ಸಣ್ಣ ಸಂಗತಿ. ಕ್ರೈಸ್ತರು ಆರಾಧನೆಯಲ್ಲಿ ನಿಂತು ಹೇಳುವ ವಿಶ್ವಾಸಪ್ರಮಾಣವೊಂದಿದೆ. ಕಥೋಲಿಕರೂ ಪ್ರೊಟೆಸ್ಟಂಟರೂ ಅದನ್ನು ಒಪ್ಪುವರು. ಅದರಲ್ಲಿ ದೇವರ ಹೆಸರು, ಯೇಸುವಿನ ಹೆಸರು, ತಾಯಿ ಮರಿಯಳ ಹೆಸರು ಬರುವದು ಸಹಜ. ಅದರ ನಡುವೆ ಪಿಲಾತನೆಂಬ ಒಬ್ಬ ರೋಮನ್ ಅಧಿಕಾರಿಯ ಹೆಸರೂ ಬರುವದು! ಅವನು 26ರಿಂದ 36ರವರೆಗೆ ಯೂದಾಯ ಪ್ರಾಂತದ ಅಧಿಪತಿಯಾಗಿದ್ದವನು. ನಮ್ಮ ಕಡೆಯ ಲೆಕ್ಕದಲ್ಲಿ ಒಬ್ಬ ಸುಭೇದಾರ. ಅವನು ಸಂತನಲ್ಲ, ಋಷಿಯಲ್ಲ, ಯೇಸುವನ್ನು ಶೂಲಕ್ಕೇರಿಸಲು ಒಪ್ಪಿದವನು. ನಿತ್ಯ ಪಠಿಸುವ ಮಂತ್ರದಲ್ಲಿ ಅಂಥವನ ಹೆಸರು ಯಾಕೆ? ಬಹಳ ದಿನ ನನಗೆ ಇದು ಬಿಡಿಸಲಾಗದ ಒಗಟಾಗಿತ್ತು. ಮೀಮಾಂಸೆಯನ್ನು ಓದಿದವನಿಗೆ ವೇದವು ಅಪೌರುಷೇಯ. ಅದಕ್ಕೆ ಕರ್ತೃವಿಲ್ಲ, ತಿಥಿಯಿಲ್ಲ, ಇಂಥ ಅರಸನ ಕಾಲದಲ್ಲಿ ಆಯಿತೆಂಬುದಿಲ್ಲ. ಕಾಲಕ್ಕೆ ಸಿಕ್ಕಿಬಿದ್ದುದು ಅನಿತ್ಯವಾದುದರಿಂದ ಪ್ರಮಾಣಕ್ಕೆ ಯೋಗ್ಯವಲ್ಲವೆಂಬುದು ನಾವು ಕಲಿತುದು. ಕ್ರೈಸ್ತನದು ಸರಿಯಾಗಿ ಇದರ ಎದುರುಮುಖ. ದೇವರು ಇಂಥ ಊರಲ್ಲಿ, ಇಂಥ ಅಧಿಕಾರಿಯ ಕಾಲದಲ್ಲಿ, ಇಂಥ ಬಡಗಿಯ ಮನೆಯಲ್ಲಿ ಮನುಷ್ಯನಾಗಿ ಬಾಳಿದನು, ಸತ್ತನು, ಎದ್ದನು. ಅದಕ್ಕೆ ಕಂಡವರ ಸಾಕ್ಷಿಯುಂಟು ಎಂದು ಅವನ ನಂಬಿಗೆ. ಸಂಗತಿಯು ನಡೆದಿಲ್ಲವೆಂದು ಸಿದ್ಧವಾದರೆ ಅವನ ದರ್ಶನವೇ ಕುಸಿಯುವದು. ಪೌಲನು ತನ್ನ ಪತ್ರವೊಂದರಲ್ಲಿ ಇದನ್ನು ಮುಚ್ಚಿಡದೆ ಒಪ್ಪಿಕೊಂಡಿರುವನು. ಪಿಲಾತನ ಹೆಸರು ಆ ಮಂತ್ರಕ್ಕೆ ಬಡಿದ ಗೂಟ. ಆ ಹೆಸರು ಇರುವವರೆಗೆ ಕಥೆಯು ಆಕಾಶಕ್ಕೆ ಹಾರಿಹೋಗಲಾರದು.

ಈ ಒಂದು ಬೀಜದಿಂದ ಉಳಿದ ಕೊಂಬೆಗಳೆಲ್ಲ ಹೊರಡುವವು. ಸೃಷ್ಟಿಯು ಮಿಥ್ಯೆಯಲ್ಲ, ದೇವರು ಮಾಡಿ ಒಳ್ಳೆಯದೆಂದು ಕಂಡದ್ದು. ಆದುದರಿಂದ ಮಣ್ಣಿನ ಕೆಲಸವೂ ಮಗ್ಗದ ಕೆಲಸವೂ ಹೀನವಲ್ಲ. ಈ ಮಾತಿನಲ್ಲಿ ಶರಣರ ಕಾಯಕದ ಗಾಳಿ ಬೀಸುವದನ್ನು ಯಾರು ಗುರುತಿಸಲಾರರು? ಎರಡನೆಯದು ಪಾಪ. ನಮ್ಮಲ್ಲಿ ಮೂಲ ಕ್ಲೇಶವು ಅವಿದ್ಯೆ, ಆದುದರಿಂದ ಮದ್ದು ಜ್ಞಾನ. ಅವರಲ್ಲಿ ಮೂಲ ಕ್ಲೇಶವು ಕೆಟ್ಟ ಇಚ್ಛೆ. ಒಳ್ಳೆಯದು ಯಾವುದೆಂದು ಗೊತ್ತಿದ್ದೂ ಮನುಷ್ಯನು ಮಾಡಲೊಲ್ಲನು. ಅದಕ್ಕೆ ಓದು ಸಾಲದು, ಕ್ಷಮೆ ಬೇಕು. ಆ ಕ್ಷಮೆಯು ಗಳಿಸಿದ್ದಲ್ಲ, ಕೊಟ್ಟದ್ದು. ಪುಣ್ಯದ ಜಮಾಖರ್ಚನ್ನು ಬರೆದಿಟ್ಟುಕೊಂಡು ಬಾಳುವ ನಮ್ಮಂಥವರಿಗೆ ಇದು ಮೊದಲು ಅನ್ಯಾಯವಾಗಿ ಕಾಣುವದು. ಹಾಗೆ ಕಂಡವನಿಗಾಗಿಯೇ ಯೇಸು, ಸಂಜೆಗೆ ಬಂದ ಕೂಲಿಗೂ ಮುಂಜಾನೆ ಬಂದ ಕೂಲಿಗೂ ಒಂದೇ ಕೂಲಿಯನ್ನು ಕೊಟ್ಟ ತೋಟದ ಒಡೆಯನ ಕಥೆಯನ್ನು ಹೇಳಿರುವನು. ಮಧ್ವಾಚಾರ್ಯರ ಭಗವತ್ಪ್ರಸಾದ, ರಾಮಾನುಜರ ಪ್ರಪತ್ತಿ, ಬಸವಣ್ಣನವರ ಕರುಣೆ ಇವುಗಳನ್ನು ಬಲ್ಲವರಿಗೆ ಇದು ತೀರ ಹೊಸತಲ್ಲ. ಆದರೂ ಹಗೆಯನ್ನು ಪ್ರೀತಿಸೆಂದು ಅಪ್ಪಣೆಯಾಗಿಯೇ ಕೊಟ್ಟು, ಅದಕ್ಕೆ ರಿಯಾಯಿತಿ ಕೊಡದಿರುವದು ಆ ಮಾರ್ಗದ ಬಿಗಿ. ಆ ಅಪ್ಪಣೆಯನ್ನು ಪಾಲಿಸದ ಕ್ರೈಸ್ತ ರಾಜ್ಯಗಳು ಇಪ್ಪತ್ತನೆಯ ಶತಮಾನದಲ್ಲಿ ಎರಡು ಸಲ ಲೋಕವನ್ನು ಸುಟ್ಟವು. 1914ರ ಯುದ್ಧ ಹೊತ್ತಿಕೊಂಡಾಗ ಆಂಗ್ಲ ಸರಕಾರವು ನಮ್ಮ ನಾಡಿನ ಜರ್ಮನ್ ಪಾದ್ರಿಗಳನ್ನು ಶತ್ರುಗಳೆಂದು ಸೆರೆಯಿಟ್ಟಿತು. ಒಬ್ಬ ಕ್ರೈಸ್ತನನ್ನು ಇನ್ನೊಬ್ಬ ಕ್ರೈಸ್ತನು ಕಟ್ಟಿಹಾಕುವದನ್ನು ಕನ್ನಡದ ಕ್ರೈಸ್ತನು ನಿಂತು ನೋಡಿದನು. ಸಭೆಗಳ ಭಾರವು ಈ ನಾಡಿನವರ ಹೆಗಲಿಗೆ ಬಂದಿತು.

ಹಾಗೆ ಹೆಗಲು ಕೊಟ್ಟವರಲ್ಲಿ ಒಬ್ಬರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ನೆಯ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ಹಿರಿಯರು ಲಿಂಗವಂತರು, ಮೂಲದ ಊರು ತುಂಗಭದ್ರೆಯಾಚೆಯ ಹಡಗಲಿ ಸೀಮೆಯ ಉತ್ತಂಗಿ. ಮಂಗಳೂರಿನ ಬಾಸೆಲ್ ಮಿಶನ್ನಿನ ವೇದಶಾಸ್ತ್ರ ಪಾಠಶಾಲೆಯಲ್ಲಿ ಓದಿ, ಹುಬ್ಬಳ್ಳಿ, ಗದಗ-ಬೆಟಗೇರಿ ಮೊದಲಾದ ಕಡೆ ಸಭಾಪಾಲಕರಾಗಿ ಸೇವೆ ಮಾಡಿದರು. ಅವರ ಹೆಸರನ್ನೇ ನೋಡಿರಿ. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರೂ ಚನ್ನಪ್ಪನೆಂಬ ಹೆಸರೂ ಉತ್ತಂಗಿಯೆಂಬ ಊರೂ ಅವರನ್ನು ಬಿಡಲಿಲ್ಲ, ಅವರೂ ಬಿಡಲಿಲ್ಲ.

ಸರ್ವಜ್ಞನ ವಚನಗಳು ಆಗ ಎಲ್ಲಿದ್ದವು? ಬೀಸುವ ಕಲ್ಲಿನ ಮುಂದೆ, ಚಾವಡಿಯ ಹರಟೆಯಲ್ಲಿ, ಭಿಕ್ಷುಕರ ಜೋಳಿಗೆಯಲ್ಲಿ, ಹಳೆಯ ಲೆಕ್ಕದ ವಹಿಯ ಕೊನೆಯ ಹಾಳೆಯಲ್ಲಿ ಇದ್ದವು. ಒಂದೂರಿನ ಪಾಠ ಇನ್ನೊಂದೂರಿಗೆ ಸಲ್ಲದು. ಯಾರೋ ಕಟ್ಟಿದ ತ್ರಿಪದಿಗೂ ಸರ್ವಜ್ಞನೆಂಬ ಮುದ್ರೆ ಬಿದ್ದಿರುವದು. ಈ ಕಾಡಿನಲ್ಲಿ ಚನ್ನಪ್ಪನವರು ಸಭೆಯ ಕೆಲಸದಿಂದ ಉಳಿದ ಹೊತ್ತನ್ನೆಲ್ಲ ಕಳೆದರು. ಊರೂರು ತಿರುಗಿ, ಹಾಡಬಲ್ಲವರ ಮುಂದೆ ಕುಳಿತು, ಓಲೆಗಳನ್ನೂ ಕಾಗದದ ಪ್ರತಿಗಳನ್ನೂ ಬೇಡಿ ತಂದು, ಪಾಠಾಂತರಗಳನ್ನು ಒಂದಕ್ಕೊಂದು ತೂಗಿ ನೋಡಿದರು. 1924ರಲ್ಲಿ ಎರಡು ಸಾವಿರದ ಸಮೀಪದ ತ್ರಿಪದಿಗಳ ಸಂಪುಟವು ಹೊರಬಂದಿತು. ಅದನ್ನು ವಿಷಯಾನುಸಾರವಾಗಿ ಅಡಕಮಾಡಿ, ಕವಿಯ ಕಾಲದೇಶಗಳನ್ನು ಕುರಿತು ವಿಚಾರ ಮಾಡಿರುವರು. ಆ ಮೇಲೆ ಬಂದ ಸರ್ವಜ್ಞನ ಪುಸ್ತಕಗಳಿಗೆಲ್ಲ ಅದೇ ಬುನಾದಿ. ಅವರ ನಿರ್ಣಯಗಳಲ್ಲಿ ಕೆಲವನ್ನು ಮುಂದಿನವರು ತಿದ್ದಿರಬಹುದು. ಬುನಾದಿಯಿದ್ದರಲ್ಲವೇ ಗೋಡೆಯನ್ನು ತಿದ್ದುವದು? ತಿರುಕನೆಂಬ ಹೆಸರು ಅವರಿಗೆ ಅಲಂಕಾರಕ್ಕೆ ಬಂದುದಲ್ಲ. ಅವರು ನಿಜವಾಗಿಯೂ ಬೇಡಿದರು. ಬೇಡಿದ್ದು ಮೂರು ಸಾಲಿನ ಪದ್ಯಗಳನ್ನು.

ಈ ಕೆಲಸಕ್ಕೂ ಅವರ ಮತಕ್ಕೂ ಏನು ಸಂಬಂಧ? ಮತವನ್ನು ಬದಿಗಿಟ್ಟು, ಸಾಹಿತ್ಯಪ್ರೇಮದಿಂದ ಮಾಡಿದರೆಂದು ಹೊಗಳುವವರೇ ನಮ್ಮಲ್ಲಿ ಹೆಚ್ಚು. ನನಗೆ ಹಾಗೆ ತೋರುವದಿಲ್ಲ. ಆ ಹೊಗಳಿಕೆಯಲ್ಲಿ ಅವರಿಗೆ ಒಂದು ಅವಮಾನವೂ ಅಡಗಿರುವದು. ಒಳ್ಳೆಯ ಕೆಲಸ ಮಾಡಿದಾಗ ಮಾತ್ರ ನೀವು ಕ್ರೈಸ್ತರಲ್ಲವೆಂದು ಹೇಳಿದಂತಾಗುವದು. ಮಾತಿನಲ್ಲಿ ಸತ್ಯವು ದೇಹ ಧರಿಸುವದೆಂದು ನಂಬಿದವನಿಗೆ ಕುಂಬಾರಗಿತ್ತಿಯ ಮಗನ ಮಾತೂ ಕಸವಲ್ಲ. ಸಾಕ್ಷಿಯನ್ನು ನಂಬಿದವನಿಗೆ ಸರಿಯಾದ ಪಾಠವೂ ಸರಿಯಾದ ಕಾಲವೂ ಧರ್ಮದ ಸಂಗತಿಗಳೇ. ಬಡಗಿಯ ಮನೆಯಲ್ಲಿ ದೇವರನ್ನು ಕಂಡವನು ಹಾಳು ಚಾವಡಿಯಲ್ಲಿ ಮುತ್ತು ಹುಡುಕುವದಕ್ಕೆ ನಾಚನು. ಚನ್ನಪ್ಪನವರು ಕ್ರೈಸ್ತರಾಗಿದ್ದೂ ಸರ್ವಜ್ಞನನ್ನು ಹುಡುಕಿದರೆನ್ನುವದಕ್ಕಿಂತ, ಕ್ರೈಸ್ತರಾದುದರಿಂದ ಹುಡುಕಿದರೆಂದರೆ ನಿಜಕ್ಕೆ ಹೆಚ್ಚು ಸಮೀಪವಾದೀತು.

ಅವರು ಸುವಾರ್ತೆ ಸಾರುವದನ್ನು ಬಿಟ್ಟವರೂ ಅಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಪುಸ್ತಕದ ಹೆಸರನ್ನು ಗಮನಿಸಿರಿ. ಬೆತ್ಲೆಹೇಮು ಯೇಸು ಹುಟ್ಟಿದ ಹಳ್ಳಿ. ಬನಾರಸು ನಮ್ಮ ಕಾಶಿ. ಹಳ್ಳಿಯು ಕಾಶಿಗೆ ಆಜ್ಞೆ ಮಾಡುವದಿಲ್ಲ, ಕಾಶಿಯನ್ನು ಜರೆಯುವದೂ ಇಲ್ಲ. ಕೈಮುಗಿದು ವಿನಂತಿ ಮಾಡಿಕೊಳ್ಳುವದು. ಆರಂಭದ ಕಿರುಹೊತ್ತಗೆಗಳ ಒರಟುತನದಿಂದ ಈ ಶಬ್ದಕ್ಕೆ ಬರಲು ಸುಮಾರು ಮೂರು ತಲೆಮಾರು ಹಿಡಿದವು. ಇಲ್ಲಿ ಕೆಲವು ಓದುಗರು ಹುಬ್ಬೇರಿಸುವರೆಂದು ಬಲ್ಲೆನು. ವಿನಂತಿಯೂ ಬಲೆಯೇ ಅಲ್ಲವೇ, ವಚನಗಳನ್ನು ಕಲಿತದ್ದು ಲಿಂಗವಂತರನ್ನು ಸೆಳೆಯುವದಕ್ಕಲ್ಲವೇ ಎಂದು ನನ್ನ ಗೆಳೆಯರೊಬ್ಬರು ಸಂಜೆಯ ಕಟ್ಟೆಯಲ್ಲಿ ಮುಖಕ್ಕೇ ಕೇಳಿದರು. ಪ್ರಶ್ನೆಯು ಅನ್ಯಾಯದ್ದಲ್ಲ. ಕ್ರೈಸ್ತನು ತನ್ನ ನಂಬಿಗೆಯನ್ನು ಹಂಚಬೇಕೆನ್ನುವನು, ಬಚ್ಚಿಡುವದಿಲ್ಲ. ಆದರೆ ಬಲೆ ಬೀಸುವವನು ಮೀನಿನ ಬೆಲೆಯನ್ನು ನೋಡುವನೇ ಹೊರತು ನೀರನ್ನು ತಿಳಿಯಾಗಿಸುತ್ತ ಕೂಡುವದಿಲ್ಲ. ಚನ್ನಪ್ಪನವರು ಮೋಳಿಗೆಯ ಮಾರಯ್ಯ ಮತ್ತು ಅವನ ರಾಣಿ ಮಹಾದೇವಿಯರ ವಚನಗಳನ್ನೂ ಆದಯ್ಯನ ವಚನಗಳನ್ನೂ ಸಂಪಾದಿಸಿದರು. ಅವುಗಳನ್ನು ಶುದ್ಧಪಾಠದಲ್ಲಿ ಓದಿದ ಲಿಂಗವಂತನು ಇನ್ನೂ ಒಳ್ಳೆಯ ಲಿಂಗವಂತನಾಗುವನಲ್ಲದೆ ಬೇರೇನಾಗುವನು? ಅತ್ತ ಅವರ ಸಭೆಯಲ್ಲಿಯೂ ‘ಅಯ್ಯನವರು ಯಾಕೆ ಶಿವಶರಣರ ಹಿಂದೆ ಬಿದ್ದರು’ ಎಂದು ಬೆರಗಾದವರು ಇರದೆ ಹೋಗಲಿಕ್ಕಿಲ್ಲ. ಎರಡು ಕಡೆಯ ಸಂಶಯವನ್ನು ಹೊತ್ತುಕೊಂಡು ನಡೆಯುವ ದಾರಿ ಅದು.

ಮಾರಯ್ಯನ ಕಥೆಯು ಅವರನ್ನು ಯಾಕೆ ಹಿಡಿದಿತೆಂದು ನನಗೊಂದು ಊಹೆಯುಂಟು, ಊಹೆ ಮಾತ್ರ. ಐತಿಹ್ಯದಂತೆ ಅವನು ಕಾಶ್ಮೀರದ ಅರಸ. ಸಿಂಹಾಸನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಹೊತ್ತು ಮಾರಿ, ಬಂದುದರಲ್ಲಿ ಜಂಗಮರಿಗೆ ಅಂಬಲಿಯನ್ನು ಎರೆದನು. ಅವನ ಬಡತನವನ್ನು ಕಂಡು ಮರುಗಿ ಬಸವಣ್ಣನವರು ಗುಟ್ಟಾಗಿ ಹೊನ್ನನ್ನು ಇರಿಸಿಹೋದರೆ ಅದನ್ನೂ ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ. ಪರಲೋಕದ ವೈಭವವನ್ನು ತೊರೆದು ಕೂಲಿಯವರ ಊರಿನಲ್ಲಿ ಮರಗೆಲಸ ಮಾಡಿದವನನ್ನು ಪ್ರಭುವೆಂದು ಕರೆಯುವ ಪಾದ್ರಿಗೆ ಈ ಕಟ್ಟಿಗೆಯ ಹೊರೆಯು ಕಣ್ಣಿಗೆ ಕಟ್ಟಿದ್ದರೆ ಆಶ್ಚರ್ಯವೇನು?

1951ರಲ್ಲಿ ಪ್ರಕಟವಾದ ‘ಅನುಭವಮಂಟಪದ ಐತಿಹಾಸಿಕತೆ’ಯು ಇದೆಲ್ಲದರ ಶಿಖರವೆಂದು ನನ್ನ ಮತ. ಕಲ್ಯಾಣದಲ್ಲಿ ಅಂಥ ಮಂಟಪವೊಂದು ಇತ್ತೇ, ಇಲ್ಲವೇ, ಅದು ನಂತರದವರ ಕಲ್ಪನೆಯೇ ಎಂಬ ವಾದವು ಆಗ ವಿದ್ವಾಂಸರಲ್ಲಿ ಎದ್ದಿತ್ತು. ಭಕ್ತನಾದವನು ‘ನನ್ನ ಭಕ್ತಿಗೆ ಇತಿಹಾಸದ ಹಂಗಿಲ್ಲ’ ಎಂದು ಸುಮ್ಮನಿರಬಹುದಾಗಿತ್ತು. ಸುಮ್ಮನಿರಲಾರದೆ ಎದ್ದುನಿಂತವರು ಈ ಪಾದ್ರಿಗಳು. ಸಾಕ್ಷ್ಯಗಳನ್ನು ಕೂಡಿಸಿ, ಅನುಭವಮಂಟಪವು ನಡೆದ ಸಂಗತಿಯೆಂಬ ಪಕ್ಷವನ್ನು ಹಿಡಿದು ವಾದಿಸಿದರು. ಸ್ವತಃ ಲಿಂಗಧಾರಿಯಲ್ಲದವನಿಗೆ ಕಲ್ಯಾಣದ ಮಂಟಪವು ನಿಜವಾದರೇನು, ಸುಳ್ಳಾದರೇನು? ಇಲ್ಲಿ ಮತ್ತೆ ಪಿಲಾತನು ಬರುವನು. ಗಂಡಸರೂ ಹೆಂಗಸರೂ, ಅಂಬಿಗನೂ ಮಾದಾರನೂ ಕೂಡಿ ಕುಳಿತು ದೇವರನ್ನು ಕುರಿತು ಮಾತಾಡಿದ್ದು ಕಥೆಯಾದರೆ ಅದು ಒಂದು ಸೊಗಸಾದ ಆಸೆ; ನಡೆದದ್ದಾದರೆ ಅದು ಮನುಷ್ಯಕುಲಕ್ಕೆ ಸಾಕ್ಷಿ. ಈ ಅಂತರವನ್ನು ಅರಿಯುವಂತೆ ಅವರನ್ನು ತಿದ್ದಿದ್ದು ಅವರ ಸ್ವಂತ ವಿಶ್ವಾಸಪ್ರಮಾಣ. ಅವರ ವಾದವನ್ನು ಎಲ್ಲರೂ ಒಪ್ಪಿಲ್ಲ. ಚರ್ಚೆ ಮುಗಿದೂ ಇಲ್ಲ.

1949ರಲ್ಲಿ ಕಲಬುರಗಿಯಲ್ಲಿ ಸೇರಿದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆ ವರ್ಷ, ಆ ಊರು! 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿ ಇನ್ನೂ ಗಾಯ 
ಮಾಯ್ದಿರಲಿಲ್ಲ. ನಮ್ಮ ಕೊಪ್ಪಳ, ಯಲಬುರ್ಗಿಗಳು ಸಾಲಾರಜಂಗರ ಜಹಗೀರಾಗಿದ್ದುವು. ಕಚೇರಿಯ ಭಾಷೆ ಉರ್ದು. ಕನ್ನಡದ ಶಾಲೆಯೆಂದರೆ ದೊಡ್ಡ ಸಂಗತಿ. ರಜಾಕಾರರ ದಿನಗಳಲ್ಲಿ ನಮ್ಮ ಹಳ್ಳಿಗಳ ಜನರು ಗಡಿ ದಾಟಿ ಮುಂಡರಗಿಯ ಕಡೆಗೆ ಓಡಿದ್ದರು. ಮತದ ಹೆಸರಿನಲ್ಲಿ ಮನೆಗಳು ಉರಿದ ನೆಲದಲ್ಲಿ, ಬೂದಿ ಆರುವ ಮೊದಲೇ, ಕನ್ನಡಿಗರು ಕ್ರೈಸ್ತರೊಬ್ಬರನ್ನು ತಮ್ಮ ನುಡಿಯ ಪೀಠದಲ್ಲಿ ಕೂಡಿಸಿದರು. ನಮ್ಮ ತಂದೆಯವರು ಆಗ ಹುಡುಗರು. ಸಮ್ಮೇಳನಕ್ಕೆ ಹೋಗಿಬಂದ ಊರಿನ ಹಿರಿಯರೊಬ್ಬರು ‘ಅಧ್ಯಕ್ಷರು ಪಾದ್ರಿಗಳು, ಆದರೆ ಸರ್ವಜ್ಞ ಅವರ ನಾಲಿಗೆಯ ಮೇಲೆ’ ಎಂದು ಹೇಳಿದ್ದನ್ನು ಕೇಳಿದ್ದರಂತೆ. ಚನ್ನಪ್ಪನವರು 1962ನೆಯ ಆಗಸ್ಟ್ 28ರಂದು ಕಾಲವಾದರು.

ಇಷ್ಟು ಬರೆದ ಮೇಲೂ ನಾನು ಒಪ್ಪಲಾರದ ಸಂಗತಿಯನ್ನು ಮುಚ್ಚಿಡುವದು ಸರಿಯಲ್ಲ. ದೇವರು ಒಂದೇ ಸಲ, ಒಂದೇ ಕಡೆ, ಒಬ್ಬನಲ್ಲಿಯೇ ಪೂರ್ಣವಾಗಿ ಬಂದನೆಂಬ ಮಾತು ನನ್ನ ಗಂಟಲಲ್ಲಿ ಇಳಿಯುವದಿಲ್ಲ. ಸಂಧ್ಯಾವಂದನೆಯನ್ನು ನಾನು ಬಿಟ್ಟಿಲ್ಲ, ಬಿಡುವವನೂ ಅಲ್ಲ. ಮುದಗಲ್ಲಿನ ಆ ಹುಡುಗನು ಈಗ ದೊಡ್ಡವನಾಗಿ ತಾನೂ ಮಾಸ್ತರನಾಗಿರುವನು. ಹೋದ ವರ್ಷ ಅವನಿಗೆ ಇದನ್ನು ಹೇಳಿದೆನು. ಅವನು ವಾದಕ್ಕೆ ಇಳಿಯಲಿಲ್ಲ. ‘ಒಮ್ಮೆ ಭಾನುವಾರ ನಮ್ಮೂರಿಗೆ ಬರ್ರಿ ಸರ್, ಊಟ ನಮ್ಮಲ್ಲೇ’ ಎಂದು ಮಾತ್ರ ಹೇಳಿದನು. ಹೋದೆನು. ಗುಡಿಯ ಹಿಂದಿನ ಸಾಲಿನಲ್ಲಿ, ಚಪ್ಪಲಿಯನ್ನು ಹೊರಗೆ ಬಿಟ್ಟು, ಪೇಟ ತೆಗೆಯಬೇಕೋ ಬಾರದೋ ತಿಳಿಯದೆ ನಿಂತಿದ್ದೆನು. ಮುಂದಿನ ಸಾಲುಗಳಲ್ಲಿ ನಮ್ಮ ಕಡೆಯ ಇಳಕಲ್ ಸೀರೆಗಳೇ ತುಂಬಿದ್ದವು. ಎಲ್ಲರೂ ಎದ್ದು ಕನ್ನಡದಲ್ಲಿ ವಿಶ್ವಾಸಪ್ರಮಾಣವನ್ನು ಹೇಳಲಾರಂಭಿಸಿದರು. ಪಿಲಾತನ ಹೆಸರು ಬಂದಾಗ ಅವನು ಹಿಂತಿರುಗಿ ನನ್ನ ಮುಖವನ್ನು ನೋಡಿದನು.